ಉದ್ರಿ ಪರೀಕ್ಷೆ

ಧಾರವಾಡದಲ್ಲಿ ಚಟ್ನಿಪುಡಿ ಮಾರಿ ಬದುಕುವುದು ಸಣ್ಣ ಮಾತಲ್ಲ. ಇಲ್ಲಿ ಪ್ರತಿ ಮನೆಯೂ ನಮ್ಮ ಪ್ರತಿಸ್ಪರ್ಧಿ. ಗಿರಾಕಿ ಶೇಂಗಾ ಚಟ್ನಿಯನ್ನು ಬಾಯಿಗೆ ಹಾಕಿಕೊಂಡು, ‘ನಮ್ಮವ್ವ ಮಾಡಿದ್ಹಂಗ ಇಲ್ಲ ಬಿಡ್ರಿ’ ಎನ್ನುತ್ತಲೇ ಅರ್ಧ ಕಿಲೋ ಕಟ್ಟಿಸಿಕೊಳ್ಳುತ್ತಾನೆ. ಒಂದು ಕುಟ್ಟುವ ಯಂತ್ರ, ನಾಲ್ವರು ಹೆಣ್ಣುಮಕ್ಕಳು, ಅವರ ಮೇಲೆ ನನ್ನ ಹೆಂಡತಿ, ಅವಳ ಕೆಳಗೆ ನಾನು. ಇಷ್ಟೇ ನಮ್ಮ ಉದ್ಯಮ. ಇದನ್ನು ತಮ್ಮ ಕಂಪನಿಯ ಜೊತೆ ‘ಮರ್ಜ್’ ಮಾಡೋಣವೆಂದು ಹುಬ್ಬಳ್ಳಿಯ ಅಪರಿಚಿತರೊಬ್ಬರು ಫೋನ್ ಮಾಡಿದಾಗ ನನ್ನ ಎದೆ ಎರಡಿಂಚು ಉಬ್ಬಿತು. ಪೇಪರಿನಲ್ಲಿ ಅಂಬಾನಿ, ಟಾಟಾಗಳ ಸುದ್ದಿಯಲ್ಲಷ್ಟೇ ಓದಿದ್ದ ಶಬ್ದ ನಮ್ಮ ಓಣಿಗೆ ಬಂದಿತ್ತು.

ಹೆಂಡತಿ ಅಗಸಿ ಹುರಿಯುತ್ತಿದ್ದಳು. ಅವರ ಹಪ್ಪಳದ ವ್ಯಾಪಾರ ಎಷ್ಟು ದೊಡ್ಡದು, ಬೆಳಗಾವಿವರೆಗೂ ಅವರ ವ್ಯಾನು ಹೇಗೆ ಓಡುತ್ತವೆ ಎಂದು ವರ್ಣಿಸಿದೆ. ಅವಳು ಸೌಟು ನಿಲ್ಲಿಸದೆ, ‘ಅಷ್ಟೆಲ್ಲಾ ಇದ್ದವರಿಗೆ ನಾವ್ಯಾಕ ಬೇಕಾದ್ವಿ?’ ಎಂದಳು. ದೊಡ್ಡ ಸಲಹಾ ಸಂಸ್ಥೆಗಳು ಲಕ್ಷಗಟ್ಟಲೆ ಶುಲ್ಕ ಪಡೆದು ಕೇಳುವ ಪ್ರಶ್ನೆ ನಮ್ಮ ಅಡುಗೆಮನೆಯಲ್ಲಿ ಪುಕ್ಕಟೆ ಸಿಕ್ಕಿತು. ಉತ್ತರ ಮಾತ್ರ ನನ್ನ ಹತ್ತಿರ ಇರಲಿಲ್ಲ.

ಹಾಗೆ ನೋಡಿದರೆ ವಿಲೀನ ಎಂದರೇನು ಎಂಬುದನ್ನು ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿಗೆ ಸೇರಿದ್ದು 2017ರ ಏಪ್ರಿಲ್ 1ರಂದು. ವಿಜಯಾ ಬ್ಯಾಂಕು ಬರೋಡಾಕ್ಕೆ ಸೇರಿದ್ದು 2019ರ ಏಪ್ರಿಲ್ 1ರಂದು. ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿದ್ದು 2020ರ ಏಪ್ರಿಲ್ 1ರಂದು. ಹಣಕಾಸು ವರ್ಷ ಶುರುವಾಗುವ ದಿನ ಅದು ಎನ್ನುತ್ತಾರೆ ತಿಳಿದವರು. ಅದು ಇನ್ನೇನು ದಿನ ಎಂಬುದೂ ನಮಗೆ ಗೊತ್ತು. ನಮ್ಮ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕು ಮಾತ್ರ 2025ರಲ್ಲಿ ಮೇ 1ರ ತನಕ ತಡೆದು ಮರ್ಯಾದೆ ಉಳಿಸಿಕೊಂಡಿತು. ಆದರೂ ಪ್ರಧಾನ ಕಚೇರಿ ಬಳ್ಳಾರಿಯ ಪಾಲಾಯಿತು. ಕೂಡುವವರು ಇಬ್ಬರಾದರೂ ಬೋರ್ಡು ಒಬ್ಬರದೇ ಉಳಿಯುತ್ತದೆ.

ಈ ವಿಷಯದಲ್ಲಿ ಅನುಭವಸ್ಥರೆಂದರೆ ನಮ್ಮ ಅಂಗಡಿಗೆ ಬರುವ ಪಿಗ್ಮಿ ಕಾಕಾ. ಪಿಗ್ಮಿ ಎಂಬ ದಿನದ ಠೇವಣಿಯನ್ನು 1928ರಲ್ಲಿ ಶುರುಮಾಡಿದ್ದು ಸಿಂಡಿಕೇಟ್ ಬ್ಯಾಂಕು. ಕಾಕಾ ಅದೇ ಬ್ಯಾಂಕಿನವರಾಗಿ ಮಲಗಿ, ಕೆನರಾ ಬ್ಯಾಂಕಿನವರಾಗಿ ಎದ್ದವರು. ದಿನಾ ಸಂಜೆ ಅಂಗಡಿ ಅಂಗಡಿಯ ಗಲ್ಲೆ ನೋಡುವ ಅವರಿಗೆ ಪೇಟೆಯ ನಾಡಿ ಗೊತ್ತು. ‘ಅವರ ಬ್ಯಾಲೆನ್ಸ್ ಶೀಟ್ ನೋಡ್ತಾ ಕೂಡಬ್ಯಾಡ್ರಿ. ಅವರಿಗೆ ಉದ್ದಿನಬ್ಯಾಳಿ ಹಾಕಾಂವನ್ನ ಹುಡುಕಿ, ರೊಕ್ಕ ಎಂದ ಕೊಡ್ತಾರ ಅಂತ ಕೇಳ್ರಿ’ ಎಂದರು.

ಸಿ.ಎ. ಸಾಹೇಬರು ಇನ್ನೂ ಬೆವರಿಳಿಸಿದರು. ಒಬ್ಬನೇ ಮಾಲೀಕನಿರುವ ಅಂಗಡಿ ‘ಮರ್ಜ್’ ಆಗುವುದಿಲ್ಲವಂತೆ. ನಾನು ಅವರ ಪಾಲುದಾರನಾಗಬೇಕು, ಅಷ್ಟೇ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ವ್ಯವಹಾರಕ್ಕೆಂದು ಒಬ್ಬ ಪಾಲುದಾರ ಮಾಡಿದ ಸಾಲಕ್ಕೆ ಉಳಿದವರೂ ಹೊಣೆ. ಅಂಗಡಿ ಸಾಲದಿದ್ದರೆ ಮನೆಯೂ ಹೋದೀತು. ಅಂದರೆ ಅವರು ಹುಬ್ಬಳ್ಳಿಯಲ್ಲಿ ಸಹಿ ಹಾಕಿದರೆ ಧಾರವಾಡದಲ್ಲಿ ನನ್ನ ಹಂಚು ಅಲುಗುತ್ತವೆ. ಅದು ಬೇಡವೆಂದರೆ 2008ರ ಕಾಯ್ದೆಯ ಎಲ್‌ಎಲ್‌ಪಿ ಇದೆ, ಹಾಕಿದ ಬಂಡವಾಳಕ್ಕಷ್ಟೇ ಹೊಣೆ ಎಂದು ಸಮಾಧಾನ ಹೇಳಿ ಫೀ ತೆಗೆದುಕೊಂಡರು.

ಒಂದು ದಿನ ಫೋನ್ ಮಾಡಿದ್ದ ಹುಬ್ಬಳ್ಳಿಯ ಹಿರಿಯರೇ ಬಂದರು. ಚಹಾ ಆಯಿತು. ಚಟ್ನಿಯನ್ನು ಅಂಗೈಗೆ ಹಾಕಿಸಿಕೊಂಡು, ಹೆಬ್ಬೆರಳಿನಿಂದ ತಿಕ್ಕಿ, ಎಣ್ಣೆ ಎಷ್ಟು ಬಿಡುತ್ತದೆಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ನಾಲಿಗೆಗೆ ಹಚ್ಚಿದರು. ಕಸಬು ಬಲ್ಲವರೆಂದು ಹೆಂಡತಿಯ ಮುಖ ಸಡಿಲವಾಯಿತು. ಅಷ್ಟರಲ್ಲಿ ಅವರು, ‘ಬ್ಯಾಡಗಿ ಕಾಯಿ ತುಟ್ಟಿ ಆತು. ಅರ್ಧ ಗುಂಟೂರು ಹಾಕೋಣು. ಬಣ್ಣಕ್ಕ ಏನರ ಮಾಡಿದ್ರಾತು’ ಎಂದರು. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದೇ ಖಾರ ಕಡಿಮೆ, ಕೆಂಪು ಜಾಸ್ತಿ ಎಂದು. 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಅದನ್ನು ತೆಗೆದು ಆಮೇಲೆ ಬಣ್ಣ ಹುಡುಕುವುದು! ಹೆಂಡತಿ ಅವರ ಎರಡನೇ ಕಪ್ ಚಹಾವನ್ನು ಒಳಗೇ ಉಳಿಸಿಕೊಂಡಳು.

ಆದರೆ ಬಾಗಿಲು ಹಾಕಲಿಲ್ಲ. ಒಳಗಿಂದಲೇ ತೀರ್ಪು ಕೊಟ್ಟಳು: ಮೊದಲು ನಮ್ಮ ಮಾಲು, ನಮ್ಮದೇ ಹೆಸರಲ್ಲಿ, ಬ್ಯಾಡಗಿ ಹಾಕಿದ್ದೇ, ನಿಮ್ಮ ವ್ಯಾನಿನಲ್ಲಿ ಹೋಗಲಿ. ಉದ್ರಿ ಕೊಡುತ್ತೇವೆ. ಸಣ್ಣ ಉದ್ಯಮದವರ ಬಾಕಿಯನ್ನು ಹೆಚ್ಚೆಂದರೆ 45 ದಿನದಲ್ಲಿ ತೀರಿಸಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆಂದು ಸಿ.ಎ. ಹೇಳಿದ್ದು ಅವಳಿಗೆ ಬಾಯಿಪಾಠವಾಗಿತ್ತು. ಗಡುವಿಗೆ ರೊಕ್ಕ ಬಂದರೆ ಮುಂದಿನ ಮಾತು. ಬಾರದಿದ್ದರೆ ಹೋದದ್ದು ಚಟ್ನಿ, ಮನೆಯಲ್ಲ.

ಹಿರಿಯರು ಸಿಟ್ಟಾಗಲಿಲ್ಲ. ಟೋಪಿ ಸರಿಮಾಡಿಕೊಂಡು, ‘ಹಂಗಾದ್ರ ನಮ್ಮ ಹಪ್ಪಳಾನೂ ನೀವು ಉದ್ರಿ ತೊಗೊಂಡು ಮಾರ್ರಿ ತಂಗೆವ್ವಾ. ನಾನೂ ನಿಮ್ಮನ್ನ ನೋಡಬೇಕಲ್ಲ?’ ಎಂದರು. ಅವರು ಹೋದ ಮೇಲೆ ಹೆಂಡತಿ, ‘ಮನಶ್ಯಾ ಶಾಣ್ಯಾ ಇದ್ದಾನ’ ಎಂದಳು. ಅವಳು ನನಗೆ ಎಂದೂ ಕೊಡದ ಪ್ರಶಸ್ತಿ ಅದು.

ಈಗ ನಮ್ಮ ಚಟ್ನಿ ಅವರ ವ್ಯಾನಿನಲ್ಲಿದೆ, ಅವರ ಹಪ್ಪಳ ನಮ್ಮ ಕಪಾಟಿನಲ್ಲಿದೆ. ಗಡುವು ಹತ್ತಿರ ಬರುತ್ತಿದೆ. ಹಪ್ಪಳದ ರೊಕ್ಕ ಮುಂಚೆಯೇ ಕೊಟ್ಟು ಮಾನ ಗಳಿಸೋಣ ಎನ್ನುತ್ತೇನೆ ನಾನು. ಮೊದಲು ಅವರದು ಬರಲಿ ಎನ್ನುತ್ತಾಳೆ ಅವಳು. ಹುಬ್ಬಳ್ಳಿಯ ಆ ಮನೆಯಲ್ಲೂ ಇದೇ ಜಗಳ ನಡೆದಿದ್ದರೆ, ವಿಲೀನಕ್ಕೆ ನನ್ನದೇನೂ ಅಡ್ಡಿಯಿಲ್ಲ.