ರಾಮ ಹೋಗಿ ಸೋಮ ಬಂದ

ಹೇಳಿದ ಮಾತು ಕೇಳದವರನ್ನು ಹೇಗಾದರೂ ಸಂಭಾಳಿಸಬಹುದು. ಹೇಳಿದ್ದನ್ನು ಹೇಳಿದ ಹಾಗೆಯೇ, ಒಂದಕ್ಷರ ಆಚೀಚೆ ಆಗದಂತೆ ಮಾಡಿಬಿಡುವವರಿದ್ದಾರಲ್ಲ, ಅವರಿಂದ ದೇವರೇ ಕಾಪಾಡಬೇಕು. ಮನುಷ್ಯರಲ್ಲಿ ಇಂಥವರು ಅಪರೂಪ. ಕಂಪ್ಯೂಟರಿನೊಳಗೆ ಮಾತ್ರ ಇವರದೇ ಕಾರುಬಾರು. ಅಲ್ಲಿ ಇವರ ಹೆಸರು ಮ್ಯಾಕ್ರೋ. 'ಈ ಹೆಸರು ಕಂಡಲ್ಲೆಲ್ಲ ಆ ಪಠ್ಯ ಕೂರಿಸು' ಎಂದು ಒಮ್ಮೆ ಅಪ್ಪಣೆ ಕೊಟ್ಟರೆ ಮುಗಿಯಿತು, ಯಾಕೆ ಏನು ಎಂದು ಕೇಳದೆ ಕೂರಿಸುತ್ತಾ ಹೋಗುತ್ತದೆ.

ಸಿ ಭಾಷೆಯಲ್ಲಿ ಅನ್ನ ದುಡಿಯುತ್ತಿದ್ದ ಕಾಲದಲ್ಲಿ, ಕೆಲಸಕ್ಕೆ ಸೇರಿದ ಹುಡುಗರಿಗೆ ನಾನೊಂದು ತಮಾಷೆ ತೋರಿಸುತ್ತಿದ್ದೆ. ವರ್ಗ ಕಂಡುಹಿಡಿಯಲು 'ಎಕ್ಸ್ ಗುಣಿಸು ಎಕ್ಸ್' ಎಂದು ಒಂದು ಮ್ಯಾಕ್ರೋ ಬರೆದು, ಎಕ್ಸ್ ಇರುವ ಕಡೆ 2+3 ಕೊಡುವುದು. ಐದರ ವರ್ಗ 25 ಬರಬೇಕು; ಬರುವುದು 11. ಮ್ಯಾಕ್ರೋ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೇ ಇಟ್ಟು '2+3*2+3' ಎಂದು ಮುಂದಕ್ಕೆ ತಳ್ಳುತ್ತದೆ. ಗುಣಾಕಾರ ಮೊದಲು ನುಗ್ಗುತ್ತದೆ. ಪರಿಹಾರ, ಎಕ್ಸ್‌ನ ಎರಡೂ ಬದಿಗೆ ಕಂಸ ಹಾಕುವುದು. ಮ್ಯಾಕ್ರೋ ಸರಿಯಿದೆಯೇ ಎಂದು ತಿಳಿಯಲು ಅದರ ವ್ಯಾಖ್ಯೆ ನೋಡಿದರೆ ಸಾಲದು, ಅದು ಬಿಚ್ಚಿಕೊಂಡ ಮೇಲಿನ ರೂಪ ನೋಡಬೇಕು. ಜಿಸಿಸಿ ಕಂಪೈಲರಿಗೆ '-ಇ' ಎಂದರೆ ಅದನ್ನೇ ತೋರಿಸುತ್ತದೆ. ಹುಡುಗರು ಹೂಂಗುಟ್ಟುತ್ತಿದ್ದರು. ಹೂಂಗುಟ್ಟದವರು ಒಬ್ಬರೇ, ನನ್ನ ಸೋದರಮಾವ.

ಮಾವ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಆತ್ಮಕಥೆ ಬರೆದರು. ಪುಟವಿನ್ಯಾಸದ ಹೊಣೆ ಅಳಿಯನೆಂಬ ಸಲಿಗೆಯ ಮೇಲೆ ನನ್ನ ಕೊರಳಿಗೆ ಬಿತ್ತು. ಕಥೆಯ ಅರ್ಧಭಾಗ ರಾಮನೆಂಬ ದಾಯಾದಿಯ ಮೇಲಿನ ಬೈಗುಳ. ಆತ ಮಾವನ ತೋಟದ ತೆಂಗಿನಕಾಯಿಯನ್ನು ರಾತ್ರೋರಾತ್ರಿ ಕೆಡವಿಸಿಕೊಂಡು ಹೋದದ್ದಕ್ಕೇ ಒಂದು ಅಧ್ಯಾಯ. ಹಸ್ತಪ್ರತಿ ನೋಡಿದ ವಕೀಲರು, ಹೆಸರು ಬದಲಾಯಿಸದಿದ್ದರೆ ಮಾನನಷ್ಟ ಮೊಕದ್ದಮೆ ಗ್ಯಾರಂಟಿ ಎಂದರು.

"ರಾಮ ಇರೋ ಕಡೆಯೆಲ್ಲ ಸೋಮ ಮಾಡ್ಬಿಡು. ಕಂಪ್ಯೂಟರ್ ಇರೋದು ಯಾಕೆ?"

"ಹಾಗೆಲ್ಲ ಒಟ್ಟಿಗೆ ಮಾಡೋದು ಬೇಡ ಮಾವ, ಒಂದೊಂದಾಗಿ ನೋಡ್ಕೊಂಡು..."

"ಮಾಡಯ್ಯಾ ಅಂದ್ರೆ."

ಮಾಡಿದೆ. ಮೊದಲ ಪುಟದಲ್ಲೇ 'ನಾವೆಲ್ಲ ಆಸೋಮವಾಗಿದ್ದೆವು'. ಶಾಲೆಯಲ್ಲಿ ಮೇಷ್ಟ್ರು ಅಲ್ಪವಿಸೋಮ ಕಲಿಸಿದ್ದರು. ಪರಶುಸೋಮ ಕೊಡಲಿ ಎತ್ತಿದ್ದ. ಮಾವ ಅಷ್ಟನ್ನೂ ನುಂಗಿಕೊಂಡರು. 'ಗ್ಸೋಮ ಪಂಚಾಯಿತಿ' ಕಂಡಾಗ ಕನ್ನಡಕ ತೆಗೆದು ಒರೆಸಿದರು.

"ಗ್ರಾಮದಲ್ಲಿ ರಾಮ ಎಲ್ಲಿದ್ದಾನೋ? ಗಕಾರಕ್ಕೆ ಒಂದು ಒತ್ತು ಇದೆ, ಅಷ್ಟೇ."

ನಮ್ಮ ಕಣ್ಣಿಗೆ ಅದು ಒತ್ತು. ಯೂನಿಕೋಡಿನ ಲೆಕ್ಕದಲ್ಲಿ ಮಾತ್ರ ಗ, ಹಲಂತ, ರ, ದೀರ್ಘದ ಗುರುತು, ಮ, ಹೀಗೆ ಸಾಲಾಗಿ ನಿಂತಿವೆ. ಮೊದಲಿನ ಎರಡನ್ನು ಬಿಟ್ಟರೆ ಉಳಿದದ್ದು ಸಾಕ್ಷಾತ್ ರಾಮನೇ. ಸಂಗ್ರಾಮವೂ ಆ ಹೊತ್ತಿಗೆ ಸಂಗ್ಸೋಮವಾಗಿತ್ತು.

ಎಲ್ಲವನ್ನೂ ಹಿಂದಕ್ಕೆ ತಂದು, ಪುಸ್ತಕವನ್ನು ಲಾಟೆಕ್ ಎಂಬ ಪುಟವಿನ್ಯಾಸದ ತಂತ್ರಾಂಶಕ್ಕೆ ಹಾಕಿ, ಹೆಸರಿಗೊಂದು ಮ್ಯಾಕ್ರೋ ಮಾಡುತ್ತೇನೆ ಎಂದೆ. ಅದು ಯಾರದು ಎಂದು ಮಾವ ವಿಚಾರಿಸಿದರು. ಡೊನಾಲ್ಡ್ ಕ್ನೂತ್ ಎಂಬ ಪ್ರೊಫೆಸರು 1977ರಲ್ಲಿ ತಮ್ಮ ಪುಸ್ತಕದ ಎರಡನೇ ಸಂಪುಟದ ಹೊಸ ಆವೃತ್ತಿಯ ಪ್ರೂಫು ನೋಡಿ, ಅಕ್ಷರಗಳ ಅಂದಗೇಡಿಗೆ ರೋಸಿ, ಅಚ್ಚಿನ ತಂತ್ರಾಂಶವನ್ನೇ ಬರೆಯಲು ಕೂತರು; ಅದೇ ಟೆಕ್, ಲಾಟೆಕ್‌ನ ತಳಪಾಯ. ಅದರಲ್ಲಿ ದೋಷ ಹುಡುಕಿದವರಿಗೆ 2.56 ಡಾಲರಿನಿಂದ ಶುರುವಾದ ಬಹುಮಾನ ಇಮ್ಮಡಿಯಾಗುತ್ತಾ 327.68 ಡಾಲರಿಗೆ ಬಂದು ನಿಂತಿತು. ಅವರ ಚೆಕ್ ಪಡೆದ ಎಷ್ಟೋ ಜನ ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ.

"ಬಂದ ಚೆಕ್ಕನ್ನ ಬ್ಯಾಂಕಿಗೆ ಹಾಕದವರು ಮಾಡಿದ ಸಾಫ್ಟ್‌ವೇರ್‌ನಲ್ಲಿ ನನ್ನ ಪುಸ್ತಕ!" ಎಂದರು ಮಾವ.

ಟೆಕ್‌ನ 'ಡೆಫ್' ಆಜ್ಞೆಯಿಂದ ಮ್ಯಾಕ್ರೋ ಮಾಡಿದರೆ, ಆ ಹೆಸರು ಮೊದಲೇ ಬೇರೆ ಕೆಲಸಕ್ಕೆ ನೇಮಕವಾಗಿದ್ದರೂ ಸದ್ದಿಲ್ಲದೆ ಅಳಿಸಿ ಹೊಸದನ್ನು ಬರೆಯುತ್ತದೆ. ಟೆಕ್‌ನ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ ಲಾಟೆಕ್‌ನಲ್ಲಿ 'ನ್ಯೂಕಮಾಂಡ್' ಇದೆ. ಹೆಸರು ಮೊದಲೇ ಇದ್ದರೆ ತಕರಾರು ತೆಗೆಯುತ್ತದೆ. ಇದೊಂದು ಮಾವನಿಗೆ ಹಿಡಿಸಿತು. ಡೆಫ್ ಅಂದರೆ ಪಹಣಿ ನೋಡದೆ ಜಮೀನು ಬರೆಸಿಕೊಂಡ ಹಾಗೆ ಎಂದು ತೀರ್ಪು ಕೊಟ್ಟರು.

\ದಾಯಾದಿ ಎಂದರೆ ಸೋಮ ಎಂದು ಹೇಳಿದೆ. ಅದಕ್ಕೆ ಅಂಟಿಸಿ \ದಾಯಾದಿನನ್ನು ಎಂದು ಬರೆದರೆ ಪ್ರತ್ಯಯವನ್ನೂ ಹೆಸರೊಳಗೆ ಎಳೆದುಕೊಂಡು 'ಇಂಥ ಆಜ್ಞೆಯೇ ಇಲ್ಲ' ಎನ್ನುತ್ತದೆ. ನಡುವೆ ಖಾಲಿ ಪುಷ್ಪಾವರಣವೊಂದನ್ನು ಇಟ್ಟರೆ 'ಸೋಮನನ್ನು' ಬರುತ್ತದೆ. ಪುಸ್ತಕವಿಡೀ ಹೀಗೆ ಸಿದ್ಧವಾದಾಗ ಅತ್ತೆಗೆ ತಮ್ಮ ಸ್ವಂತ ಅಣ್ಣನ ಹೆಸರೂ ಸೋಮ ಎಂಬುದು ನೆನಪಾಯಿತು. ಮನೆಯಲ್ಲಿ ಸಂಗ್ಸೋಮವೇ ಆಯಿತು. ಮೂರ್ತಿ ಎಂದು ಮಾಡುವುದಾಗಿ ರಾಜಿಯಾಯಿತು.

ಒಂದೇ ಸಾಲು ತಿದ್ದಿದೆ. ಇಡೀ ಪುಸ್ತಕದಲ್ಲಿ ಮೂರ್ತಿ ಬಂದ, ಹಿಂದೆಯೇ ಸೋಮನ ಪ್ರತ್ಯಯಗಳೂ ಬಂದವು: 'ಮೂರ್ತಿನನ್ನು', 'ಮೂರ್ತಿನಿಗೆ', 'ಮೂರ್ತಿನ ದುರಾಸೆ'. ಇಂಗ್ಲಿಷಿನ ಟಾಮ್ ಹೋಗಿ ಹ್ಯಾರಿ ಬಂದರೆ ಅಕ್ಕಪಕ್ಕದ ಪದಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಕನ್ನಡದಲ್ಲಿ ಹೆಸರಿನ ಕೊನೆಯ ಸ್ವರ ನೋಡಿ ನಕಾರವೋ ಯಕಾರವೋ ವಕಾರವೋ ಬರಬೇಕು. ಟೆಕ್‌ನ 'ಶೋ' ಆಜ್ಞೆ ಕೊಟ್ಟು ಕೇಳಿದರೆ \ದಾಯಾದಿ ಎಂದರೆ ಮೂರ್ತಿ ಎಂದು ಸರಿಯಾಗಿಯೇ ಹೇಳಿತು. ಮ್ಯಾಕ್ರೋದಲ್ಲಿ ದೋಷವಿಲ್ಲ, ವಾಕ್ಯದಲ್ಲಿ ಮರ್ಯಾದೆಯಿಲ್ಲ.

"ಇಷ್ಟಕ್ಕೆಲ್ಲ ಒದ್ದಾಡ್ತೀಯಾ?" ಎಂದು ಮಾವ ನಕ್ಕರು. "ರವರು ಹಾಕು."

ನಾನು ಬೆರಗಾದೆ. 'ಶ್ರೀ ............ ರವರ ಮಗ ............ ರವರಿಗೆ' ಎಂದು ಖಾಲಿ ಜಾಗ ಬಿಟ್ಟು ಅಚ್ಚು ಹಾಕಿಸಿದ ಅರ್ಜಿ ನಮೂನೆಗಳ ಮೇಲೆ ಅವರ ಇಡೀ ನೌಕರಿ ಕಳೆದಿದೆ. ಆ ಜಾಗದಲ್ಲಿ ಸೋಮ, ಮೂರ್ತಿ, ಗುರು, ಕಿರಣ್ ಯಾರನ್ನೇ ಕೂರಿಸಿ, ಸಂಧಿಯ ಗೊಡವೆಯಿಲ್ಲ. ವ್ಯಾಕರಣದವರು 'ರವರು' ಕಂಡರೆ ಉರಿದುಬೀಳುತ್ತಾರೆ, ನಿಜ. ಆದರೆ ಸಿ ಭಾಷೆಯವರು ಕಂಸ ಹಾಕಿ ಮಾಡುವ ಕೆಲಸವನ್ನು ನಮ್ಮ ಕಚೇರಿ ಕನ್ನಡ ಅವೇ ಮೂರಕ್ಷರಗಳಲ್ಲಿ ಮಾಡಿ ಮುಗಿಸಿದೆ.

ಮ್ಯಾಕ್ರೋಗೆ 'ರವರು' ಜೋಡಿಸಿದೆ. ರವರು ಬಂದ ಮೇಲೆ ಕ್ರಿಯಾಪದ ಏಕವಚನದಲ್ಲಿ ಉಳಿಯುವುದುಂಟೇ? ಮಾವ ತಾವೇ ಕೆಂಪು ಪೆನ್ನು ಹಿಡಿದು 'ಕದ್ದ'ವನ್ನು 'ಕದ್ದರು' ಮಾಡಿದರು, 'ನೀಚ'ನನ್ನು 'ನೀಚರಾದ' ಮಾಡಿದರು. ತೆಂಗಿನಕಾಯಿ ಅಧ್ಯಾಯ ಈಗ ಹೀಗೆ ಶುರುವಾಗುತ್ತದೆ: 'ಶ್ರೀ ಮೂರ್ತಿರವರು ಆ ರಾತ್ರಿ ಕುಡಿದು ನಮ್ಮ ತೋಟಕ್ಕೆ ದಯಮಾಡಿಸಿದರು.'

ಪುಸ್ತಕ ಬಿಡುಗಡೆಗೆ ಆ ದಾಯಾದಿಯೂ ಬಂದಿದ್ದರು. ಊಟದ ಪಂಕ್ತಿಯಲ್ಲಿ ಅದೇ ಅಧ್ಯಾಯ ತೆರೆದುಕೊಂಡು ಮಾವನನ್ನು ಕೇಳಿದರು: "ಈ ಮೂರ್ತಿರವರು ಯಾರಣ್ಣಾ? ನಿಮ್ಮ ಆಫೀಸಲ್ಲಿ ತಹಸೀಲ್ದಾರರಾಗಿದ್ದವರಾ?"