ನಮ್ಮ ಸೀಮೆಯ ಅಂಜಿಕೆಗೆ ಒಂದು ಬಹಿರಂಗ ಪತ್ರ

ಅಂಜಿಕೆಯೇ,

ಮೊನ್ನೆ ನಿನ್ನನ್ನು ಬಹಳ ಹತ್ತಿರದಿಂದ ನೋಡಿದೆ. ಅದಕ್ಕೇ ಈ ಪತ್ರ. ಎಲ್ಲರೆದುರು ಬರೆಯುತ್ತಿದ್ದೇನೆ, ಯಾಕೆಂದರೆ ನೀನು ಒಬ್ಬೊಬ್ಬರನ್ನೇ ಮೂಲೆಯಲ್ಲಿ ಹಿಡಿದು ಮಾತಾಡಿಸುವವಳು.

ಗೋಕಾಕದಲ್ಲಿ ಒಂದು ವಿಚಾರ ಸಂಕಿರಣ. ಮೂಡಲಗಿ ಕಡೆಯ ಹುಡುಗಿಯೊಬ್ಬಳು ಹೊರಗೆ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ಚಹಾ ಕುಡಿಯುತ್ತಿದ್ದಳು. ಪಿಎಚ್.ಡಿ.ಯ ಎರಡನೆಯ ವರ್ಷ, ವಿಷಯ ನಮ್ಮ ಸೀಮೆಯ ಬಯಲಾಟ ಶ್ರೀಕೃಷ್ಣ ಪಾರಿಜಾತ. ತನ್ನ ಅಜ್ಜಿ ಪಾರಿಜಾತದ ಹಾಡು ಹೇಳುವಾಗ ಎಲ್ಲಿ ಉಸಿರು ಹಿಡಿಯುತ್ತಿದ್ದಳು, ಅಚ್ಚಾದ ಪುಸ್ತಕದಲ್ಲಿ ಆ ಸಾಲು ಎಲ್ಲಿ ಬೇರೆಯಾಗಿದೆ, ಅಜ್ಜಿಯ ಪಾಠವೇ ಆಟಕ್ಕೆ ಯಾಕೆ ಹೊಂದುತ್ತದೆ ಎಂದು ಕೈಯಲ್ಲಿ ತಾಳ ಹಾಕಿ ತೋರಿಸಿದಳು. ಮೂವತ್ತು ವರ್ಷ ಪಾಠ ಹೇಳಿದ ನಾನು ಲೋಟ ಕೆಳಗಿಟ್ಟು ಕೇಳಿದೆ.

ಅಷ್ಟರಲ್ಲಿ ಒಳಗಿಂದ ಅವಳ ಹೆಸರು ಕೂಗಿದರು. ಎದ್ದವಳ ಹೆಬ್ಬೆರಳು ಹಾಳೆಯ ಮೂಲೆಯನ್ನು ಒತ್ತಿ ಹಿಡಿದಿತ್ತು. ಅಲ್ಲಿ ಕಾಗದ ಬೆವರಿಗೆ ಒದ್ದೆಯಾಗಿ, ಉಗುರಿನ ಅರ್ಧಚಂದ್ರ ಮೂಡಿತ್ತು. ಹದಿನೈದು ನಿಮಿಷದ ಪ್ರಬಂಧವನ್ನು ತಲೆ ಎತ್ತದೆ ಆರು ನಿಮಿಷದಲ್ಲಿ ಓದಿ ಮುಗಿಸಿದಳು. ಒಬ್ಬರು ಪ್ರಶ್ನೆ ಕೇಳಿದರು. ಕಟ್ಟೆಯ ಮೇಲೆ ನನಗೆ ಹೇಳಿದ್ದೇ ಅದಕ್ಕೆ ಉತ್ತರ. ಆಕೆ "ಮುಂದ ನೋಡಿ ಹೇಳ್ತೇನ್ರಿ ಸರ್" ಅಂದು ಕೂತುಬಿಟ್ಟಳು.

ಕಟ್ಟೆಯಿಂದ ವೇದಿಕೆಗೆ ಇಪ್ಪತ್ತು ಹೆಜ್ಜೆ. ಅಷ್ಟರೊಳಗೆ ಆಕೆಯ ತಿಳಿವಳಿಕೆ ಎಲ್ಲಿಗೂ ಹೋಗಿರಲಿಲ್ಲ. ನೀನು ಅದರ ಬಾಗಿಲಿಗೆ ಅಡ್ಡ ನಿಂತಿದ್ದೆ.

ನಿನ್ನ ಮಾತು ನನಗೆ ಬಾಯಿಪಾಠ. "ನಮ್ಮಂಥಾವ್ರಿಗೆ ಇದೆಲ್ಲಾ ಆಗೂದಲ್ಲ." ಹುಕ್ಕೇರಿಯ ಕಬ್ಬಿನ ಹೊಲದಿಂದ, ಗೋಕಾಕದ ಗಿರಣಿ ಚಾಳಿನಿಂದ, ಈಚೆಗೆ ಬೇರೆ ತಾಲ್ಲೂಕಾದ ಮೂಡಲಗಿಯ ಹಳ್ಳಿಗಳಿಂದ ಎಂ.ಎ., ಎಂ.ಎಸ್‌ಸಿ. ಅಂತ ಹೊರಟ ಪ್ರತಿಯೊಬ್ಬರ ಕಿವಿಯಲ್ಲೂ ನೀನು ಇದನ್ನೇ ಹೇಳಿದ್ದೀಯ. ನನಗೂ ಹೇಳಿದ್ದೆ. ನಾನು ಸಂಶೋಧನೆಗೆ ಸೇರಿದ ವರ್ಷ ಹಿರಿಯರೊಬ್ಬರು ತುಂಬಿದ ಸಭೆಯಲ್ಲಿ "ಮೊದಲು ಭಾಷೆ ತಿದ್ದಿಕೊಂಡು ಬಾ" ಅಂದರು. ನನ್ನ ವಾದದಲ್ಲಿ ಏನು ತಪ್ಪಿದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಆಮೇಲೆ ಎರಡು ವರ್ಷ ಯಾವ ಸಭೆಯಲ್ಲೂ ಬಾಯಿ ತೆರೆಯಲಿಲ್ಲ. ಆ ಎರಡು ವರ್ಷ ನಿನ್ನ ಲೆಕ್ಕದಲ್ಲಿವೆ.

ಬಿಡಿಸಿದವರು ನನ್ನ ಮಾರ್ಗದರ್ಶಕರು. ಮೂವತ್ತು ಪುಟದ ಕರಡನ್ನು ಪೆನ್ಸಿಲ್ ಹಿಡಿದು ಪೂರ್ತಿ ಓದಿದರು. ಇಪ್ಪತ್ತೊಂಬತ್ತು ಪುಟಗಳಲ್ಲಿ ಗೀಟು, ಪ್ರಶ್ನೆ, ಕಾಟು. ಒಂದೇ ಒಂದು ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ "ಇದು ನಿನ್ನದು" ಎಂದು ಬರೆದಿದ್ದರು. ಹೊಗಳಿಕೆಯಾಗಿದ್ದರೆ ನಾನು ನಂಬುತ್ತಿರಲಿಲ್ಲ. ಇಪ್ಪತ್ತೊಂಬತ್ತು ಪುಟ ತಿದ್ದಿದವರ ಮಾತಾದ್ದರಿಂದ ನಂಬಿದೆ.

ಆತ್ಮವಿಶ್ವಾಸ ಅನ್ನುವ ಮಾತಿನಲ್ಲೇ 'ಆತ್ಮ' ಇರುವುದರಿಂದ ಅದು ನಮ್ಮೊಳಗಿನಿಂದಲೇ ಉಕ್ಕಬೇಕು ಎಂದು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ನಾನು ಕಂಡದ್ದು ಬೇರೆ. ಅದು ಮೊದಲು ಕೈಗಡವಾಗಿ ಬರುತ್ತದೆ. ಯಾರೋ ಒಬ್ಬರು, ಕಾಗದ ಪತ್ರ ಇಲ್ಲದೆ, ತಮ್ಮ ನಂಬಿಕೆಯನ್ನು ನಮ್ಮ ಕೈಯಲ್ಲಿಡುತ್ತಾರೆ. ಅದನ್ನು ಹೂಡಿ, ದುಡಿದು, ಆಮೇಲೆ ನಮ್ಮ ಸ್ವಂತದ್ದನ್ನು ಗಳಿಸುತ್ತೇವೆ.

ಚಂದ್ರಶೇಖರ ಕಂಬಾರರ ಹೆಸರು ಹೇಳಿ ನಮ್ಮ ಕಾಲೇಜುಗಳಲ್ಲಿ ಭಾಷಣ ಮಾಡುವವರು ಬಹಳ. 1937ರಲ್ಲಿ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ, ಕಮ್ಮಾರಿಕೆಯ ಮನೆಯಲ್ಲಿ ಹುಟ್ಟಿದವರು ಜ್ಞಾನಪೀಠದವರೆಗೆ ಹೋದರು, ನೀವೂ ಹೋಗಿರಿ ಅನ್ನುತ್ತಾರೆ. ನಡುವಿನ ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಬಡತನದಿಂದ ಆ ಹುಡುಗನ ಓದು ಗೋಕಾಕದಲ್ಲಿ ನಿಂತುಹೋಗಿತ್ತು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಹೈಸ್ಕೂಲಿನ ಖರ್ಚು ಹೊತ್ತರು. ಆ ಕೈ ಇರದಿದ್ದರೆ ಮುಂದಿನ ಯಾವ ಮಾತೂ ಇಲ್ಲ. ಮಕ್ಕಳಿಗೆ ಕಂಬಾರರ ಹೆಸರು ಹೇಳುವಾಗ ಆ ಕೈಯನ್ನೂ ತೋರಿಸಬೇಕು. ಇಲ್ಲದಿದ್ದರೆ, ಎತ್ತಿ ಹಿಡಿಯುವವರು ಸಿಗದ ಮಗು ತನ್ನಲ್ಲೇ ಏನೋ ಕೊರತೆ ಇದೆ ಎಂದುಕೊಳ್ಳುತ್ತದೆ, ನಿನ್ನ ಕೆಲಸ ಸಲೀಸಾಗುತ್ತದೆ.

ಇನ್ನೊಂದು ಸಂಗತಿ ಅವರ ಪಿಎಚ್.ಡಿ. ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಅವರು ಒಯ್ದ ವಿಷಯ ಉತ್ತರ ಕರ್ನಾಟಕದ ಜನಪದ ರಂಗಭೂಮಿ. ಅಂದರೆ ಊರ ಮುಂದಿನ ಬಯಲಿನಲ್ಲಿ ರಾತ್ರಿಯಿಡೀ ಕೂತು ನೋಡುವ ಆಟ. ಆ ಬಯಲಿನ ತಿಳಿವಳಿಕೆ ಹಿಡಿದುಕೊಂಡೇ ಅವರು ಶಿಕಾಗೋದಲ್ಲಿ ಪಾಠ ಹೇಳಿದರು, ಬೆಂಗಳೂರಿನಲ್ಲಿ ಕಲಿಸಿದರು, 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಶುರುವಾದಾಗ ಅದರ ಮೊದಲ ಕುಲಪತಿಯಾದರು. ಮನೆಯಲ್ಲಿ ಕಲಿತದ್ದನ್ನು ಹೊರಗೆ ಬಿಟ್ಟು ಒಳಗೆ ಬಾ ಎಂದು ನೀನು ಹೇಳುತ್ತೀಯಲ್ಲ, ಅವರು ಅದನ್ನೇ ಒಳಗೆ ಕರೆದೊಯ್ದರು.

ನಮ್ಮ ಹುಡುಗಿಯ ಕೈಯಲ್ಲಿಯೂ ಅಂಥದೇ ಇದೆ. ಅಪರಾಳ ತಮ್ಮಣ್ಣನ ಪಾರಿಜಾತವನ್ನು ಆಟಕ್ಕೆ ಒಗ್ಗಿಸಿ ಬೆಳೆಸಿದ ಕುಲಗೋಡ ತಮ್ಮಣ್ಣ ಈ ಸೀಮೆಯವನು. ಪಾರಿಜಾತದಲ್ಲಿ ಹೆಸರು ಮಾಡಿದ ನಿಂಗಮ್ಮ ಕೌಜಲಗಿಯವಳು. ಆ ಆಟದ ಪದ, ರಾಗ, ಒಳಮಾತು ಈ ಹುಡುಗಿಗೆ ತಾಯಿಯ ಹಾಲಿನ ಜೊತೆ ಬಂದದ್ದು. ಗ್ರಂಥಾಲಯದಿಂದ ಬಂದ ಸಂಶೋಧಕನಿಗೆ ಅಷ್ಟನ್ನು ಹಿಡಿಯಲು ಹತ್ತು ವರ್ಷ ಬೇಕು. ಆಕೆಗೆ ಬೇಕಾದದ್ದು ಅಡಿಟಿಪ್ಪಣಿಯ ಶಿಸ್ತು, ಬೇರೆ ಬೇರೆ ಪಾಠ ಹೋಲಿಸುವ ರೀತಿ, ಒಂದಿಷ್ಟು ಇಂಗ್ಲಿಷ್. ಇವೆಲ್ಲ ಕಲಿತರೆ ಬರುವಂಥವು.

ಇಂಗ್ಲಿಷ್ ನಿನ್ನ ದೊಡ್ಡ ಬಡಿಗೆ ಎಂಬುದು ಗೊತ್ತು. ಈ ಊರಿನ ಹೆಸರನ್ನು ಅಡ್ಡಹೆಸರಾಗಿ ಹೊತ್ತ ವಿನಾಯಕ ಕೃಷ್ಣ ಗೋಕಾಕರು ಸವಣೂರಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ 1981ರ ವರದಿ ಅವರ ಸಮಿತಿಯದೇ. ಒಂದೇ ತಲೆಯಲ್ಲಿ ಎರಡೂ ಭಾಷೆ ಜಗಳವಿಲ್ಲದೆ ಇರಬಲ್ಲವು. ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೇ: ಮೊದಲು ವಾದವನ್ನು ಕನ್ನಡದಲ್ಲಿ, ಮನೆಯ ಮಾತಿನಲ್ಲಾದರೂ ಸರಿ, ಪೂರ್ತಿ ಬರೆದುಕೊಳ್ಳಿ. ಏನು ಹೇಳಬೇಕೆಂಬುದು ನಿಕ್ಕಿಯಾದ ಮೇಲೆ ಇಂಗ್ಲಿಷಿಗೆ ಇಳಿಸಿ. ಹೇಳುವುದೂ ಹೊಸದು, ಭಾಷೆಯೂ ಹೊಸದು ಆದಾಗಲೇ ನೀನು ಗೆಲ್ಲುವುದು.

ನೀನು ನಮ್ಮಲ್ಲಿ ಮಾತ್ರ ಇದ್ದೀ ಎಂದು ನಾನು ಬಹಳ ದಿನ ತಿಳಿದಿದ್ದೆ. 1978ರಲ್ಲಿ ಅಮೆರಿಕದ ಪಾಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು, ಓದಿನಲ್ಲಿ ಕೆಲಸದಲ್ಲಿ ಮೇಲೆ ಬಂದ ಹೆಣ್ಣುಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಪದವಿ, ಪ್ರಶಸ್ತಿ ಎಲ್ಲ ಇದ್ದೂ ಆ ಹೆಣ್ಣುಮಕ್ಕಳು 'ನಾನು ಎಲ್ಲರಿಗೂ ಮೋಸ ಮಾಡುತ್ತಿದ್ದೇನೆ, ಒಂದು ದಿನ ಸಿಕ್ಕಿಬೀಳುತ್ತೇನೆ' ಎಂದು ಹೆದರುತ್ತಿದ್ದರಂತೆ. ಅದನ್ನು ಓದಿದ ರಾತ್ರಿ ನನಗೆ ಹಗುರವಾಯಿತು. ಘಟಪ್ರಭೆಯ ದಂಡೆಯಲ್ಲಿ ಹುಟ್ಟಿದ್ದೇ ಕಾರಣವಾಗಿದ್ದರೆ ಅವರಿಗೆ ಹಾಗಾಗಬಾರದಿತ್ತಲ್ಲ.

ಆದರೆ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ಎಷ್ಟೋ ಮಂದಿ ನೆಟ್, ಕೆಸೆಟ್ ಪರೀಕ್ಷೆ ಪಾಸಾಗಿ, ಪಿಎಚ್.ಡಿ. ಮುಗಿಸಿ, ವರ್ಷ ವರ್ಷ ಅತಿಥಿ ಉಪನ್ಯಾಸಕರಾಗಿಯೇ ಉಳಿದಿದ್ದಾರೆ. ಪ್ರತಿ ವರ್ಷ ಮತ್ತೆ ಅರ್ಜಿ, ಮತ್ತೆ ಕಾರ್ಯಭಾರ ಎಷ್ಟು ಸಿಗುತ್ತದೋ ಎಂಬ ಚಿಂತೆ, ರಜೆಯ ತಿಂಗಳಲ್ಲಿ ಸಂಬಳವಿಲ್ಲ. ಅಂಥವರ ಎದುರು ನಿಂತು ಆತ್ಮವಿಶ್ವಾಸ ಬೆಳೆಸಿಕೊಳ್ಳಿ ಎಂದು ಉಪದೇಶ ಮಾಡುವುದು ಕ್ರೌರ್ಯ. ಅವರಿಗೆ ಮೊದಲು ಬೇಕಾದದ್ದು ಕಾಯಂ ಕೆಲಸ. ಅದನ್ನು ಕೇಳುವ ದನಿ ನಡುಗದಂತೆ ನಾವು ಜೊತೆಗಿರಬೇಕು.

ಅಲ್ಲಿಯವರೆಗೆ ಒಳಗಿನ ದೀಪ ಆರದಂತೆ ಕಾಯುವ ಕೆಲಸವೂ ಇದೆ. ಅತಿಥಿ ಉಪನ್ಯಾಸಕನಾಗಿರುವ ಹುಕ್ಕೇರಿಯ ಗೆಳೆಯನೊಬ್ಬ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ದಿನಕ್ಕೊಂದು ಪುಟ ಬರೆಯುತ್ತಾನೆ. ಇವತ್ತು ಏನು ಓದಿದೆ, ಯಾವ ಹುಡುಗನಿಗೆ ಏನು ತಿಳಿಯಿತು. ಲೇಖನ ತಿರುಗಿ ಬಂದ ದಿನ ಪರಿಶೀಲಕರ ಟಿಪ್ಪಣಿಯನ್ನು ಒಮ್ಮೆ ಓದಿ ಎತ್ತಿಡುತ್ತಾನೆ. ಮೂರು ದಿನ ಬಿಟ್ಟು ಹಾಳೆಯನ್ನು ಉದ್ದಕ್ಕೆ ಮಡಚಿ, ಎಡಕ್ಕೆ ಅವರ ಆಕ್ಷೇಪ, ಬಲಕ್ಕೆ ತನ್ನ ಉತ್ತರ ಬರೆಯುತ್ತಾನೆ. ಉತ್ತರ ಇಲ್ಲದ ಕಡೆ ಖಾಲಿ ಬಿಡುತ್ತಾನೆ. ಆ ಖಾಲಿ ಜಾಗವೇ ಮುಂದಿನ ತಿಂಗಳ ಕೆಲಸ. ಆರನೆಯ ನೋಟುಬುಕ್ಕು ಈಗ ನಡೆದಿದೆ.

ನೀನು ಪೂರ್ತಿ ಹೋಗು ಎಂದು ನಾನು ಕೇಳುವುದಿಲ್ಲ. ಉಲ್ಲೇಖವನ್ನು ಮತ್ತೊಮ್ಮೆ ಮೂಲದಲ್ಲಿ ನೋಡು ಎಂದು ರಾತ್ರಿ ಎಬ್ಬಿಸುವವಳೂ ನೀನೇ. ಅಷ್ಟರಮಟ್ಟಿಗೆ ಇರು, ಹಿಂದಿನ ಸಾಲಿನಲ್ಲಿ.

ಮುಂದಿನ ತಿಂಗಳು ಧಾರವಾಡದಲ್ಲಿ ಮತ್ತೊಂದು ಸಂಕಿರಣ. ಆ ಹುಡುಗಿಯ ಕರಡು ನನ್ನ ಮೇಜಿನ ಮೇಲಿದೆ. ಪೆನ್ಸಿಲ್ ಹಿಡಿದು ಹದಿನಾಲ್ಕನೆಯ ಪುಟದವರೆಗೆ ಬಂದಿದ್ದೇನೆ. ತಿದ್ದಬೇಕಾದದ್ದು ಬಹಳ ಇದೆ, ಎಲ್ಲವನ್ನೂ ತಿದ್ದುತ್ತಿದ್ದೇನೆ. ಒಂಬತ್ತನೆಯ ಪುಟದ ಅಂಚಿನಲ್ಲಿ, ಅಜ್ಜಿ ಉಸಿರು ಹಿಡಿಯುವ ಜಾಗ ಬಂದಲ್ಲಿ, ನನ್ನ ಮಾರ್ಗದರ್ಶಕರು ಬರೆದ ಆ ಎರಡು ಪದಗಳನ್ನು ಬರೆದಿದ್ದೇನೆ. ಅಂದು ಬೆಳಗಿನ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ. ಅವಳ ಪಕ್ಕದ ಸೀಟಿನಲ್ಲಿ ನಾನು ಕೂಡುತ್ತೇನೆ.

ಇಂತಿ,
ನಿನ್ನನ್ನು ಬಲ್ಲ ಒಬ್ಬ ಮೇಷ್ಟ್ರು
ಗೋಕಾಕ