ಜೋಲಿಯ ಬೆನ್ನಿಗೆ ಸೊಳ್ಳೆ

ಬೆಂಗಳೂರಿನಿಂದ ಶನಿವಾರ ಭಾನುವಾರಕ್ಕೆ ಬರುವ ಹುಡುಗರ ಬ್ಯಾಗಿನಲ್ಲಿ ಈಗ ಬೇರೇನಿಲ್ಲದಿದ್ದರೂ ಒಂದು ಹ್ಯಾಮಕ್ ಇದ್ದೇ ಇರುತ್ತದೆ, ನೋಡಿದ್ದೀರಲ್ಲ? ಅಂಗೈಯಗಲದ ಚೀಲ, ಬಾಯಿ ಬಿಚ್ಚಿ ಎಳೆದರೆ ಎಳೆದಷ್ಟೂ ನೈಲಾನ್ ಬಟ್ಟೆ, ಅದಕ್ಕೆ ಹೊಲಿದ ಸೊಳ್ಳೆ ಪರದೆ, ಪರದೆಯ ಉದ್ದಕ್ಕೂ ಜಿಪ್ಪು. ಎರಡು ಮರಕ್ಕೆ ಬಿಗಿದು, ಒಳಗೆ ಸೇರಿಕೊಂಡು ಜಿಪ್ಪೆಳೆದರೆ ಮುಗಿಯಿತು. ನಮ್ಮ ಹೆಂಗಸರು ಕಳೆ ಕೀಳಲು ಹೋದಾಗ ಬದುವಿನ ಹೊಂಗೆ ಮರಕ್ಕೆ ಹಳೇ ಸೀರೆ ಕಟ್ಟಿ, ಕೂಸು ಮಲಗಿಸಿ, ನೊಣ ಕೂರದಂತೆ ಮೇಲೊಂದು ತೆಳು ಪಂಚೆ ಎಳೆಯುತ್ತಾರಲ್ಲ, ಅದೇ ಜೋಲಿ ತಾನೇ ಇದು? ಕೂಸಿಗೆ ಮೀಸೆ ಬಂದಿದೆ, ಅಷ್ಟೇ.

ಆದರೆ ನಮ್ಮ ಗುಂಡ್ಲುಪೇಟೆ ಸೀಮೆಯಲ್ಲಿ ಇದನ್ನು ಕಟ್ಟುವುದೆಲ್ಲಿ ಎಂಬುದೇ ತಮಾಷೆ. ಕಾಡೇನೋ ಕಣ್ಣೆದುರಿಗೇ ಇದೆ. ಬಂಡೀಪುರದ ರಸ್ತೆಯಲ್ಲಿ ಗಾಡಿಯಿಂದ ಇಳಿದರೇ ದಂಡ ಕಟ್ಟಬೇಕು, ಇನ್ನು ಮರಕ್ಕೆ ಹಗ್ಗ ಕಟ್ಟುವ ಮಾತು ದೂರವೇ ಉಳಿಯಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಾದರೂ ನೋಡೋಣ ಎಂದರೆ, ಸ್ವಂತ ಗಾಡಿ ತಪ್ಪಲಲ್ಲೇ ಬಿಟ್ಟು ಸರ್ಕಾರಿ ಬಸ್ಸಿನಲ್ಲಿ ಹತ್ತಬೇಕು, ಸಂಜೆಯೊಳಗೆ ಇಳಿಯಲೂಬೇಕು. ಸ್ವಾಮಿ ಮತ್ತು ಆನೆಗಳನ್ನು ಬಿಟ್ಟರೆ ರಾತ್ರಿ ಅಲ್ಲಿ ಯಾರಿಗೂ ಜಾಗವಿಲ್ಲ. ಚಾಮರಾಜನಗರದವರು ಬಿಳಿಗಿರಿರಂಗನ ಬೆಟ್ಟ ತೋರಿಸುತ್ತಾರೆ. 2011ರಲ್ಲಿ ಅದೂ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಲ್ಲೂ ಇದೇ ಕತೆ.

ಲಾರಿಯವರದು ಮಾತ್ರ ಬೇರೆ ಲೆಕ್ಕ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ದಾರಿ ಬಂದ್ ತಾನೇ? ಗೇಟು ತೆಗೆಯುವುದನ್ನೇ ಕಾಯುತ್ತಾ ಊಟಿ ಕಡೆಗೂ ಸುಲ್ತಾನ್ ಬತ್ತೇರಿ ಕಡೆಗೂ ಹೋಗುವ ಲಾರಿಗಳು ನಿಂತಿರುತ್ತವೆ. ಒಮ್ಮೆ ಬಗ್ಗಿ ನೋಡಿ. ಕ್ಲೀನರ್ ಹುಡುಗ ಲಾರಿಯ ಹೊಟ್ಟೆಯಡಿ, ಚಾಸಿಗೆ ಹಗ್ಗ ಬಿಗಿದು, ಹಳೇ ಟಾರ್ಪಾಲಿನ ತುಂಡು ಕಟ್ಟಿಕೊಂಡು ಮಲಗಿರುತ್ತಾನೆ. ಸೊಳ್ಳೆ ಪರದೆ ಎಂದರೆ ಮುಖದ ಮೇಲಿನ ಟವಲ್. ಒಂದು ಪಾದ ಹೊರಗೆ ನೇತಾಡುತ್ತಿರುತ್ತದೆ, ನಿದ್ದೆಯಲ್ಲೇ ಇನ್ನೊಂದು ಪಾದ ಬಂದು ಅದನ್ನು ಕೆರೆದು ಹೋಗುತ್ತದೆ. ಅವನ ಜೋಲಿ ಯಾವ ಕಂಪೆನಿಯದು, ಯಾವ ಮಾಡೆಲ್ಲು ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಸರಿ, ಉಳಿದದ್ದು ನಮ್ಮ ನಿಮ್ಮ ತೋಟ, ಹಿತ್ತಿಲು. ಅಲ್ಲೂ ಮರ ಆರಿಸುವುದರಲ್ಲೇ ಅರ್ಧ ದಿನ. ತೆಂಗು ನೋಡಲು ಚೆಂದ, ಸಿನಿಮಾದಲ್ಲೆಲ್ಲ ಅದಕ್ಕೇ ಕಟ್ಟುತ್ತಾರೆ. ಆದರೆ ಕ್ರಮವಾಗಿ ನೆಟ್ಟ ತೋಟದಲ್ಲಿ ಮರದಿಂದ ಮರಕ್ಕೆ 25 ಅಡಿ. ಜೋಲಿಗೆ ಬೇಕಿರುವುದು 12ರಿಂದ 15 ಅಡಿ. ಹೇಗೋ ಹಗ್ಗ ಉದ್ದ ಮಾಡಿ ಕಟ್ಟಿದಿರಿ ಎನ್ನಿ, ಮೇಲಿರುವ ಕಾಯಿಗೆ ನಿಮ್ಮ ಪರಿಚಯ ಇದೆಯೇ? ಏಲಕ್ಕಿ ಬಾಳೆಯ ಮಾತೇ ಬೇಡ. ನುಗ್ಗೆ ಮರಕ್ಕೆ ಕಟ್ಟು ಎನ್ನುವವರೂ ಸಿಗುತ್ತಾರೆ. ನುಗ್ಗೆ ಮರ ಹತ್ತಿಸುವವರಿಗೆ ಊರಲ್ಲಿ ಎಂದಾದರೂ ಬರ ಬಂದಿದೆಯೇ. ಹುಣಸೆ ಗಟ್ಟಿ ಮುಟ್ಟು, ಆದರೆ ಮನೆಯಲ್ಲಿ ಅಜ್ಜಿ ಇರುವವರೆಗೂ ಅದರಡಿ ಮಲಗಲು ಒಪ್ಪಿಗೆ ಸಿಗದು. ಮಾವಿನಲ್ಲಿ ಕೆಂಜಿಗದ ಕಾಟ. ನೀವು ಕಟ್ಟಿದ ಹಗ್ಗವನ್ನೇ ಹೆದ್ದಾರಿ ಮಾಡಿಕೊಂಡು ಸಾಲಾಗಿ ಬರುತ್ತವೆ, ಹಗ್ಗದ ಎರಡೂ ತುದಿಗೆ ಸೀಮೆಎಣ್ಣೆ ಅದ್ದಿದ ಬಟ್ಟೆ ಸುತ್ತಬೇಕು. ಹಲಸಂತೂ ಹಣ್ಣಿನ ಕಾಲದಲ್ಲಿ ಬೇಡವೇ ಬೇಡ. ಹಂಗಳದ ಕಡೆ ಕಾಡಂಚಿನವರು ಅಟ್ಟಣೆ ಹಾಕಿಕೊಂಡು, ಟಾರ್ಚು ಪಟಾಕಿ ಇಟ್ಟುಕೊಂಡು ರಾತ್ರಿಯೆಲ್ಲ ಕಾಯುವುದು ಸುಮ್ಮನೆಯೇ? ಅಲ್ಲಿಯ ಹಳಬರೊಬ್ಬರಿಗೆ ಈ ಹ್ಯಾಮಕ್ ತೋರಿಸಿದ್ದಕ್ಕೆ ಅವರು ಜಿಪ್ಪನ್ನು ಎರಡು ಸಲ ಎಳೆದು ನೋಡಿ, "ಆನೆ ಬಂದ್ರೆ ಅಟ್ಟಣೆ ಮೇಲಿಂದ ಕೂಗ್ಬೋದು ಬುದ್ಧೀ, ಇದ್ರೊಳಗೆ ಜಿಪ್ಪು ಯಾವ ಕಡೆ ಅದೆ ಅಂತ ತಡಕ್ತಾ ಇರ್ಬೇಕಾಯ್ತದೆ" ಅಂದರು. ನನ್ನನ್ನು ಕೇಳಿದರೆ ಬೇವು, ಹೊಂಗೆ ಸಾಕು. ಕತ್ತೆತ್ತಿ ಒಣಕೊಂಬೆ ಇಲ್ಲ ಎಂದು ನೋಡಿಕೊಂಡು, ತೊಗಟೆ ಕುಯ್ಯದಂತೆ ಅಗಲ ಪಟ್ಟಿಯಲ್ಲಿ ಕಟ್ಟಿ.

ಕೊಳ್ಳುವವರು ಮೊದಲು ಕೇಳುವುದು ಎಷ್ಟು ಕೆಜಿ ತಡೆಯುತ್ತೆ ಅಂತ. ತಡೆಯುತ್ತದೆ ಬಿಡಿ, ನಿಮ್ಮ ಜೊತೆಗೆ ನಿಮ್ಮ ಮಾವನವರನ್ನೂ ತಡೆಯುತ್ತದೆ. ಕೇಳಬೇಕಾದದ್ದು, ಪರದೆ ಎಲ್ಲಿಯವರೆಗೆ ಬರುತ್ತದೆ ಎಂದು. ಸಾಮಾನ್ಯವಾಗಿ ಸಿಗುವವುಗಳಲ್ಲಿ ಪರದೆ ಮೇಲ್ಭಾಗಕ್ಕೆ ಮಾತ್ರ. ಕೆಳಗೆ ಒಂದೇ ಪದರ ತೆಳು ನೈಲಾನು, ಅದೂ ನಿಮ್ಮ ಭಾರಕ್ಕೆ ಬೆನ್ನಿಗಂಟಿ ಬಿಗಿದಿರುತ್ತದೆ. ಸೊಳ್ಳೆಗೆ ಇನ್ನೇನು ಬೇಕು? ಮುಖದ ಮುಂದೆ ಗುಂಯ್‌ಗುಟ್ಟುವ ಶ್ರಮವೂ ಇಲ್ಲ, ಕೆಳಗಿನಿಂದಲೇ ಊಟ ಮುಗಿಸಿ ಹೊರಡುತ್ತದೆ. ಬೆಳಿಗ್ಗೆ ಜಿಪ್ಪು ಬಿಚ್ಚಿ ಎದ್ದು ಬಂದವನು ಒಂದು ಮಾತೂ ಆಡದೆ ಹೋಗಿ ಜಗುಲಿಯ ಕಂಬಕ್ಕೆ ಬೆನ್ನು ಉಜ್ಜುತ್ತಾ ನಿಲ್ಲುವುದನ್ನು ನೋಡಬೇಕು ನೀವು! ಆದ್ದರಿಂದ ಜೋಲಿಯನ್ನು ಸುತ್ತಲೂ, ಅಡಿಯಿಂದಲೂ ಮುಚ್ಚುವ ಪರದೆಯನ್ನೇ ಕೊಳ್ಳಿ, ಇಲ್ಲವೇ ಎರಡು ಪದರ ಇರುವುದನ್ನು. ಎರಡೂ ಸಿಗದಿದ್ದರೆ ಬೆನ್ನಡಿಗೆ ಒಂದು ಕುರಿ ಕಂಬಳಿ ಹಾಸಿ. ಡಿಸೆಂಬರಿನಲ್ಲಿ ಅದು ಹೇಗೂ ಬೇಕೇ ಬೇಕು, ನಮ್ಮ ಚಳಿ ಬರುವುದೂ ಕೆಳಗಿನಿಂದಲೇ. ಮೇಲೆ ಎಷ್ಟು ಹೊದ್ದರೂ ಬೆನ್ನು ಮರಗಟ್ಟುತ್ತದೆ. ಪರದೆ ಬಣ್ಣ ಕಪ್ಪಿರಲಿ. ಬಿಳಿಯದಾದರೆ ಒಳಗಿನಿಂದ ಹೊರಗಿನದು ಮಸುಕು ಮಸುಕು.

ಸೊಳ್ಳೆ ಎಂದಾಗ ರೊನಾಲ್ಡ್ ರಾಸ್ ನೆನಪಾಗುತ್ತಾನೆ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ಮಲೇರಿಯಾದ ಮೂಲ ಕಂಡವನು. ಅದಕ್ಕೂ ಮೊದಲು ಮಲೇರಿಯಾ ಹುಡುಕಿಕೊಂಡು ಇಲ್ಲೇ ನಮ್ಮ ಪಕ್ಕದ ಊಟಿ ಕಡೆಗೆ ಬಂದು, ಬಂದ ಕೆಲವೇ ದಿನಗಳಲ್ಲಿ ತಾನೇ ಜ್ವರ ಹತ್ತಿಸಿಕೊಂಡು ಮಲಗಿದ. ಹುಡುಕಿದ್ದು ಸಿಕ್ಕಿತು ಎನ್ನಬೇಕೋ ಏನೋ. ಮತ್ತೆ ಕೇಳಿ, ಡೆಂಗಿ ಸೊಳ್ಳೆ ಕಚ್ಚುವುದು ಹಗಲಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಒಂದು ಕೋಳಿನಿದ್ದೆಗೆ ಪರದೆ ಯಾಕೆ ಎನ್ನಬೇಡಿ.

ಕಟ್ಟುವಾಗ ಇನ್ನೊಂದು ಚಟ ಇದೆ ನಮ್ಮವರಿಗೆ. ಎಳೆದೂ ಎಳೆದೂ ಮಂಚದಷ್ಟು ಮಟ್ಟಸ ಮಾಡಲು ಹೋಗುತ್ತಾರೆ. ಹಾಗೆ ಬಿಗಿದಷ್ಟೂ ಹಗ್ಗಕ್ಕೂ ಮರಕ್ಕೂ ಎಳೆತ ಜಾಸ್ತಿ, ಮಗುಚಿ ಬೀಳುವುದೂ ಸಲೀಸು. ಹಗ್ಗ ಸುಮಾರು 30 ಡಿಗ್ರಿ ಇಳಿಜಾರಿನಲ್ಲಿ ಬರಲಿ, ಬಟ್ಟೆ ಜೋತಾಡಲಿ. ಮೊದಲು ನಡುಮಧ್ಯೆ ಕುಂಡೆಯೂರಿ ಕೂತು, ಆಮೇಲೆ ಕಾಲೆತ್ತಿ, ತಲೆ ಒಂದು ಮಗ್ಗುಲಿಗೆ ಕಾಲು ಇನ್ನೊಂದು ಮಗ್ಗುಲಿಗೆ ಓರೆಯಾಗಿ ಮಲಗಿ. ಬೆನ್ನು ನೆಟ್ಟಗಿರುತ್ತದೆ. ಇದಕ್ಕೆ ಬಟ್ಟೆ 10-11 ಅಡಿ ಉದ್ದ ಇರಬೇಕು. ಅದಕ್ಕಿಂತ ಗಿಡ್ಡದ್ದು ಕೂಸಿಗೇ ಸರಿ.

ಮಳೆಯಾದರೆ ನೀರು ಹಗ್ಗದ ಗುಂಟ ಇಳಿದು ನೇರ ಹಾಸಿಗೆಗೇ ಬರುತ್ತದೆ. ಹಗ್ಗಕ್ಕೊಂದು ದಾರ ಗಂಟು ಹಾಕಿ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಾದರೆ ದಾರ ಗೀರ ನೋಡುತ್ತಾ ನಿಲ್ಲಬೇಡಿ, ಮರ ಬಿಟ್ಟು ಮನೆ ಸೇರಿ. ಆಷಾಢದ ಗಾಳಿಗೆ ಸೊಳ್ಳೆ ಹಾರಲಾರದು, ಆಗ ಪರದೆ ಕಳಚಿಟ್ಟೇ ಮಲಗಬಹುದು. ಆದರೆ ಬೇಲಿ ಪಕ್ಕ ಮಾತ್ರ ಕಟ್ಟಬೇಡಿ. ಆ ಹೊತ್ತಿಗೆ ನಮ್ಮ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡು ಹೂವು ಅರಳಿರುತ್ತದೆ, ಕೇರಳದ ಕಾರುಗಳು ರಸ್ತೆಯುದ್ದಕ್ಕೂ ನಿಲ್ಲುತ್ತವೆ. ಹೂವಿನ ಜೊತೆಗೆ ನೇತಾಡುವ ನಿಮ್ಮನ್ನೂ ಒಂದು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಹೊಲಕ್ಕೆ ಇಳಿದರೆ ತಲೆಗಿಷ್ಟು ಅಂತ ರೈತರು ಇಸಿದುಕೊಳ್ಳುತ್ತಾರಲ್ಲ, ಮಲಗಿದಲ್ಲಿಂದಲೇ ನೀವೂ ಕೇಳಿ ನೋಡಿ, ಕೊಟ್ಟರೂ ಕೊಟ್ಟಾರು!